ಏಳು ಗಂಟೆಗೆ ಬರೋ ಹೆಸರು

ವೈನಿ,

ಟಿವಿ ಮ್ಯಾಲಿನ ರೂಟರ್ ಬಂದ್ ಮಾಡಬ್ಯಾಡ್ರಿ. ಅರಿವಿ ಹೊಚ್ಚಬ್ಯಾಡ್ರಿ ಅಂತ ನೂರು ಸಲ ಹೇಳೀನಿ, ಕಾಯ್ತದ. ಅಣ್ಣ ತಂದಿದ್ದ ಹಳೇ ಡಬ್ಬಿ ಅದು. ಯಾರು ಬೇಕಾದ್ರೂ ತಿದ್ದಿ ಬಳಸೋ ಪುಕ್ಕಟೆ ಸಾಫ್ಟ್‌ವೇರ್ ನಾ ಹಾಕಿದ ಮ್ಯಾಲೇ ಒಳಗಿನ ಖೋಲಿಗೂ ಇಂಟರ್ನೆಟ್ ಬರ್ಲಿಕತ್ತದ.

ನಿನ್ನೆ ನನ್ನ ಮೊಬೈಲಿನ್ಯಾಗ, ರೂಟರಿಗೆ ಜೋಡಿಸಿಕೊಂಡ ಮಷಿನ್‌ಗಳ ಪಟ್ಟಿಯೊಳಗ ‘ಗುರುಪಾದ, ಸಂಜಿ ಏಳು’ ಅಂತ ಅಣ್ಣನ ಹೆಸರು ದಿನಾ ಇರೋದು ನೋಡಿ ನೀವು ಅಲ್ಲೇ ಕುಂತುಬಿಟ್ರಿ. “ಅವರು ತೀರಿಹೋಗಿ ಎಂಟು ತಿಂಗಳಾತು, ದಿನಾ ಹೆಸರು ಹೆಂಗ ಬರ್ತದ? ಒಗದುಬಿಡು ಆ ಡಬ್ಬಿ” ಅಂದ್ರಿ. ನಾ ಆಗಲೇ ಖರೆ ಹೇಳಬೇಕಿತ್ತು. ತಪ್ಪಾತು.

ಅದು ನಾನೇ, ವೈನಿ.

ಹೊಸ ಸಾಫ್ಟ್‌ವೇರ್ ಹಾಕಿದಾಗ ಹಳೇದೆಲ್ಲಾ ಅಳಿಸಿ ಹೋತು. ಅಣ್ಣ ಇಟ್ಟಿದ್ದ ವೈಫೈ ಹೆಸರು, ಪಾಸ್‌ವರ್ಡ್ ಅವನ್ನೇ ಮತ್ತ ಹಾಕಿದೆ. ತನ್ನ ಹೆಸರೇ ಇಟ್ಟಿದ್ದ ಅವನ ಲ್ಯಾಪ್‌ಟಾಪ್ ನನ್ನ ಕಪಾಟಿನ್ಯಾಗ ಅದ. ಕಂಪನಿ ಕೆಲಸ ಮುಗಿಸಿ ಅವ ನಿಗಡಿ ಬಸ್ ಸ್ಟಾಪಿನ್ಯಾಗ ಇಳಿದು ಮನಿಗೆ ಬರತಿದ್ದ ಹೊತ್ತಿಗೆ ದಿನಾ ಅದನ್ನ ಚಾಲೂ ಮಾಡ್ತೀನಿ. ಹಳೇ ಹೆಸರು ಗುರುತು ಹಿಡಿದು ತಾನೇ ಜೋಡಿಸ್ಕೋತದ. ಪಟ್ಟಿಯೊಳಗ ಅವನ ಹೆಸರು ಮೂಡ್ತದ. ಅಣ್ಣ ಬಂದ ಅನಸ್ತದ.

ಇವತ್ತಿಂದ ನನಗ ಸೆಕೆಂಡ್ ಶಿಫ್ಟ್, ಏಳಕ್ಕ ಮನ್ಯಾಗ ಇರಂಗಿಲ್ಲ. ಅನ್ನ ಮುಚ್ಚಿಟ್ಟೀನಿ, ಉಣ್ರಿ. ಕಪಾಟಿನ ಕೀಲಿ ಈ ಚೀಟಿ ಕೆಳಗ ಅದ.

ಏಳಕ್ಕ ನೀವು ಚಾಲೂ ಮಾಡ್ರಿ.

ಚನ್ನವೀರ