ಪಿನ್ನು ಕಚ್ಚಿಕೊಂಡು ಕಲಿಸಿದ ಮಾತು

3, ಸೋಮವಾರ. ಮಧ್ಯಾಹ್ನ 2:15

ಬೆಳಿಗ್ಗೆಯಿಂದ ಮೂರು ಶರಟು ಕತ್ತರಿಸಿದೆ. ಒಂದು ಪ್ಯಾಂಟಿನ ಉದ್ದ ಕಮ್ಮಿ ಮಾಡಿದೆ. ಮೊಮ್ಮಗಳು ಅಂಗಡಿಯಲ್ಲೇ ಮಲಗಿದ್ದಾಳೆ, ಹೊಲಿಗೆ ಮೆಷಿನ್ ಪಕ್ಕದ ತೊಟ್ಟಿಲಲ್ಲಿ. ಹನ್ನೊಂದು ತಿಂಗಳು. ದುಂಡು ಮುಖ, ಅದಕ್ಕೇ ಬಟನ್ ಅಂತ ಕರೆಯುವುದು. ಕರೆದರೆ ಕೇಳಿಸುವುದಿಲ್ಲ, ಅದು ಬೇರೆ ಮಾತು. ನಾಲ್ಕನೇ ತಿಂಗಳಲ್ಲೇ ಕಿವಿ ಪರೀಕ್ಷೆ ಆಯಿತು. ಅಪ್ಪ ಅಮ್ಮ ಇಬ್ಬರ ಹಾಗೇ.

ಮೆಷಿನ್ ಎಷ್ಟು ಬಡಿದರೂ ಏಳುವುದಿಲ್ಲ. ನಿಲ್ಲಿಸಿದರೆ ಏಳುತ್ತಾಳೆ! ನೆಲದ ನಡುಕ ನಿಂತದ್ದು ಗೊತ್ತಾಗಿಬಿಡುತ್ತದೆ. ಹಾಗಾಗಿ ಮೆಷಿನ್ನಿಗೆ ಬಟ್ಟೆ ಕೊಡದೆ ಸುಮ್ಮನೆ ಪೆಡಲ್ ತುಳಿಯುತ್ತಾ ಇದನ್ನು ಬರೆಯುತ್ತಿದ್ದೇನೆ. ಅಳತೆ ಪುಸ್ತಕದ ಹಿಂದಿನ ಹಾಳೆಗಳಲ್ಲಿ.

ಮಗಳು ಇವತ್ತಿನಿಂದ ಫೋಟೋ ಸ್ಟುಡಿಯೋ ಕೆಲಸಕ್ಕೆ. ಹೊರಡುವಾಗ ಕೈಯಲ್ಲಿ ಏನೋ ಹೇಳಿದಳು. ಅರ್ಥವಾಗದೆ ತಲೆಯಾಡಿಸಿದೆ. ಅವಳಿಗೆ ಗೊತ್ತಾಯಿತು. ಚೀಟಿಯಲ್ಲಿ ಬರೆದಳು — "ಅಪ್ಪ, ಒಂದು ತಿಂಗಳು ನೋಡ್ತೀನಿ. ಮಗು ಇಡೀ ದಿನ ಕೈಮಾತು ನೋಡ್ತಾ ಇರಬೇಕು, ಈ ವಯಸ್ಸು ಮತ್ತೆ ಬರಲ್ಲ. ನೀವು ಸುಮ್ನೆ ಕೂತಿದ್ರೆ ಸೋದರತ್ತೆ ಮನೆಗೆ ಬಿಟ್ಟು ಬರ್ತೀನಿ."

ಅಳಿಯನ ಅಕ್ಕ. ಬಸ್ಸಿನಲ್ಲಿ ಆರು ಗಂಟೆ ದಾರಿ. ಅವರ ಮನೆಯಲ್ಲಿ ಎಲ್ಲರಿಗೂ ಕಿವಿ ಕೇಳದು, ಬೆಳಗಾದರೆ ಕೈಮಾತೇ. ಒಳ್ಳೆಯ ಹೆಂಗಸು. ಅದೇ ಕಷ್ಟ, ಬೇಡ ಅನ್ನಲು ಕಾರಣವೇ ಇಲ್ಲ. ಅಳಿಯ ಮರಗೆಲಸದವನು, ಕೆಲಸ ಸಿಕ್ಕಲ್ಲಿ ಇರುತ್ತಾನೆ, ಭಾನುವಾರ ಬರುತ್ತಾನೆ.

ಚೀಟಿ ಕೊಟ್ಟು ಬಾಗಿಲವರೆಗೆ ಹೋದ ಮಗಳು ಎರಡು ಸಲ ತೊಟ್ಟಿಲಿಗೆ ವಾಪಸ್ ಬಂದಳು. ಮಗುವನ್ನು ಬಿಟ್ಟಿರುವುದು ಅವಳಿಗೆ ಮಾತ್ರ ಸಲೀಸೇ?


5, ಬುಧವಾರ. ಸಂಜೆ 6

ಮಗಳು ಹನ್ನೆರಡು ಮಾತಿನ ಚಿತ್ರ ಬರೆದುಕೊಟ್ಟಿದ್ದಾಳೆ. ಗೋಡೆಗೆ ಅಂಟಿಸಿದೆ. ಹಾಲು — ಮುಷ್ಟಿ ಬಿಚ್ಚಿ ಮುಚ್ಚುವುದು. ಇನ್ನೂ ಬೇಕು — ಎರಡೂ ಕೈಯ ಬೆರಳ ತುದಿ ಸೇರಿಸಿ ತಟ್ಟುವುದು. ಸಾಕು, ಬಾ, ಬಿಸಿ, ಅಮ್ಮ...

ನಾಚಿಕೆಯಾಗುತ್ತದೆ. ಪಕ್ಕದ ಕ್ಷೌರದಂಗಡಿಯವನು ಇಣುಕಿದ.

"ಏನ್ ಮಾಸ್ಟ್ರೇ, ಸೊಳ್ಳೆ ಹೊಡೀತಿದ್ದೀರಾ?"

"ಪಾಠ ಕಣೋ."

"ಯಾರಿಗೆ?"

ಬಟನ್ ಸೀಲಿಂಗ್ ನೋಡುತ್ತಿದ್ದಳು. ಪಾಠ ಗೋಡೆಗೆ ಆಯಿತು.

ಇಪ್ಪತ್ತೆಂಟು ವರ್ಷ ಮಗಳ ಜೊತೆ ನಾನು ನೇರ ಮಾತಾಡಲಿಲ್ಲ. ಏನಿದ್ದರೂ ನನ್ನ ಹೆಂಡತಿ, ಇವಳ ಕೈಯಿಂದ. "ಊಟಕ್ಕೆ ಬಾ ಅನ್ನು." "ಕೊಡೆ ತಗೊಂಡು ಹೋಗು ಅನ್ನು." ಇವಳು ಹೇಳುತ್ತಿದ್ದಳು, ನಾನು ತಟ್ಟೆ ನೋಡುತ್ತಿದ್ದೆ. ಐದು ತಿಂಗಳಾಯಿತು ಇವಳು ತೀರಿಹೋಗಿ. ಮನೆಯಲ್ಲಿ ಈಗ ಚೀಟಿಗಳು...


9, ಭಾನುವಾರ. ಬೆಳಿಗ್ಗೆ 7

ಬಟನ್ ಮುಷ್ಟಿ ಬಿಚ್ಚಿ ಮುಚ್ಚಿದಳು. ಹಾಲು! ಕೊಟ್ಟೆ. ಕುಡಿಯಲಿಲ್ಲ. ಆಮೇಲೆ ಫ್ಯಾನಿಗೂ ಹಾಲು, ನಲ್ಲಿಗೂ ಹಾಲು, ಬೀದಿ ಬೆಕ್ಕಿಗೂ ಹಾಲು. ಕ್ಷೌರದವನು ಬಂದ, ಅವನನ್ನು ನೋಡಿಯೂ ಹಾಲು.

"ನಾನು ಹಾಲಿನಂಥ ಮನುಷ್ಯ ಅಂತ ಈ ಬೀದೀಲಿ ಒಬ್ಬರಾದ್ರೂ ಒಪ್ಪಿದ್ರಲ್ಲ ಮಾಸ್ಟ್ರೇ."

ಬಟನ್ ಕೈ ನೋಡಿ ಮಗಳು ನಕ್ಕಳು. ಬರೆದು ತೋರಿಸಿದಳು — ಕೇಳುವ ಮಕ್ಕಳು ಬಬ್ಬಬ್ಬ ಅನ್ನುವುದಿಲ್ಲವೇ, ಹಾಗೆ ಇದು ಕೈಯ ತೊದಲು. ತಿದ್ದಬಾರದು, ನಾವು ಸರಿಯಾಗಿ ತೋರಿಸುತ್ತಾ ಇರಬೇಕು. ಅವಳ ಕಣ್ಣು ನಮ್ಮ ಕಡೆ ಬರುವವರೆಗೂ ಕಾಯಬೇಕು. ಕಾಯದೆ ಆಡಿದ್ದು ಆಡಿದ ಹಾಗಲ್ಲ.

ಮೆಷಿನ್ ತಿರುಗಿಸಿ ತೊಟ್ಟಿಲಿಗೆ ಎದುರಾಗಿ ಇಟ್ಟೆ. ಗಿರಾಕಿಗೆ ಈಗ ನನ್ನ ಬೆನ್ನು. ಇರಲಿ.


18, ಮಂಗಳವಾರ. ಮಧ್ಯಾಹ್ನ 1

ಬರೆಯಲು ಪುರುಸೊತ್ತಿರಲಿಲ್ಲ. ಶಾಲೆ ಯೂನಿಫಾರಂ ಕೆಲಸ, ದಿನಕ್ಕೆ ಹದಿನೈದು ಅಂಚು. ಒಂದು ಅಂಚು ಮಡಚುವುದು, ಒಂದು ಮಾತು ಆಡುವುದು. ಹೀಗೆ ಸಾಗಿದೆ.

ಬಟನ್ ಈಗ 'ಇನ್ನೂ' ಅನ್ನುತ್ತಾಳೆ. ಬಾಳೆಹಣ್ಣಿಗೆ ಮಾತ್ರ. ಬೆರಳ ತುದಿ ಕೂಡುವುದಿಲ್ಲ, ಚಪ್ಪಾಳೆಯೇ. ನನಗೆ ಸಾಕು.

ಆದರೆ ಮಗಳು ಚಿಂತೆಯಲ್ಲಿದ್ದಾಳೆ. ರಾತ್ರಿ ಊಟಕ್ಕೆ ಬಟನ್ 'ಇನ್ನೂ' ಅನ್ನುತ್ತಾಳಂತೆ, ಚಮಚ ತಂದರೆ ತುಟಿ ಗಟ್ಟಿ ಬಿಗಿದು ಕೂರುತ್ತಾಳಂತೆ. ಬೇಕು ಅನ್ನುವವಳು ಬಾಯಿ ಯಾಕೆ ಮುಚ್ಚುತ್ತಾಳೆ? ಹುಣ್ಣೇ? ಹಲ್ಲೇ?


20, ಗುರುವಾರ. ಸಂಜೆ 7

ಡಾಕ್ಟರು ಬಟನ್ ಬಾಯಿ ನೋಡಿದರು. ಹುಣ್ಣಿಲ್ಲ, ಒಸಡು ಸರಿ ಇದೆ. "ಹಗಲು ಯಾರು ತಿನ್ನಿಸ್ತಾರೆ? ಒತ್ತಾಯ ಏನಾದ್ರೂ...?" ಅಂದರಂತೆ.

ಮಗಳು ಮನೆಗೆ ಬಂದು ನನ್ನ ಮುಖ ನೋಡಲಿಲ್ಲ. ಇದೆಲ್ಲ ಬರೆದ ಚೀಟಿ ಮಾತ್ರ, ಅದರ ಕೊನೆಯಲ್ಲಿ — "ಭಾನುವಾರ ಸೋದರತ್ತೆ ಬರ್ತಾರೆ. ಮಗೂನ ಕರ್ಕೊಂಡು ಹೋಗ್ತಾರೆ. ನಿಮ್ಮ ಮೇಲೆ ಕೋಪ ಇಲ್ಲ ಅಪ್ಪ."

ಕೋಪ ಇಲ್ಲ ಅನ್ನುವುದನ್ನು ಬರೆದು ಹೇಳಬೇಕಾಯಿತಲ್ಲ.

ಒತ್ತಾಯ ಮಾಡಿದೆನೇ? ಇಲ್ಲ. ಇಲ್ಲ ಅನ್ನುವುದು ಹೇಗೆ ಅಂತ ಗೋಡೆಯ ಹನ್ನೆರಡರಲ್ಲಿ ಇತ್ತು. ನನ್ನ ಕೈ ಮೇಲೇಳಲಿಲ್ಲ.


21, ಶುಕ್ರವಾರ. ಮಧ್ಯಾಹ್ನ 3

ಇದನ್ನು ಬರೆದೇ ತೀರಬೇಕು.

ಹನ್ನೆರಡರ ಹೊತ್ತಿಗೆ ಲಂಗದ ಅಂಚಿಗೆ ಪಿನ್ನು ಹಾಕುತ್ತಿದ್ದೆ. ನಲವತ್ತು ವರ್ಷದ ಅಭ್ಯಾಸ, ಪಿನ್ನು ಇರುವುದು ತುಟಿಯಲ್ಲೇ. ನಾಲ್ಕಿದ್ದವು. ಬಟನ್ ನೋಡಿದಳು. ಬಟ್ಟೆ ಬಿಟ್ಟು ಕೈಯಲ್ಲೇ ಕೇಳಿದೆ, ಹಣ್ಣು ಇನ್ನೂ ಬೇಕಾ? ಅವಳು ಚಪ್ಪಾಳೆ ತಟ್ಟಿದಳು. ತುಟಿ ಬಿಗಿದುಕೊಂಡು. ಥೇಟ್ ನನ್ನ ಹಾಗೆ.

ಬಾಗಿಲಲ್ಲಿ ಮಗಳು. ಊಟದ ಬಿಡುವಿನಲ್ಲಿ ಯಾವಾಗ ಬಂದಳೋ. ಮಗುವಿನ ತುಟಿ ನೋಡಿದಳು, ನನ್ನ ತುಟಿ ನೋಡಿದಳು. ಹೊಸಿಲ ಮೇಲೇ ಕೂತುಬಿಟ್ಟಳು, ಹೊಟ್ಟೆ ಹಿಡಿದು ನಕ್ಕಳು.

ಆಮೇಲೆ ಎದ್ದು ಬಂದು ನನ್ನ ಬಾಯಿಂದ ಪಿನ್ನುಗಳನ್ನು ಒಂದೊಂದಾಗಿ ತೆಗೆದಳು. ಆಗ ನಗು ಇರಲಿಲ್ಲ. ಕೈ ಬಿರುಸಾಗಿ ಆಡಿತು. ಮಗು. ನೋಡಿ ಕಲಿಯುತ್ತೆ. ನಾಳೆ ಪಿನ್ನು ಬಾಯಿಗಿಟ್ಟರೆ? ನುಂಗಿದರೆ?

ಚೀಟಿ ಬೇಕಾಗಲಿಲ್ಲ. ಅಷ್ಟೂ ಅರ್ಥವಾಯಿತು. ಮಗಳ ಬೈಗುಳ ನೇರವಾಗಿ ನನಗೇ ಬಂದದ್ದು ಇದೇ ಮೊದಲು.

ತಪ್ಪು, ಅಂದೆ. ಕೈಯಲ್ಲೇ. ಆ ಮಾತು ಚಿತ್ರದಲ್ಲಿ ಇರಲಿಲ್ಲ. ಮಗಳು ಚಿಕ್ಕವಳಿದ್ದಾಗ ಅಮ್ಮನ ಹತ್ತಿರ ಬೈಸಿಕೊಂಡು ಮಾಡುತ್ತಿದ್ದದ್ದು. ತಟ್ಟೆ ನೋಡುತ್ತಿದ್ದೆ ಅಂದುಕೊಂಡಿದ್ದೆ. ಕಣ್ಣು ಆ ಕಡೆಯೂ ಹೋಗಿತ್ತು ಅಂತ ಕಾಣುತ್ತದೆ.

ಮಗಳ ಕೈ ನಿಂತಿತು. ಆಮೇಲೆ ನಿಧಾನವಾಗಿ ಹೇಳಿದಳು, ಉಳಿದದ್ದನ್ನು ಬರೆದಳು. ಕೈಮಾತಿನಲ್ಲಿ ಮುಖವೂ ಮಾತೇ. ಹುಬ್ಬು, ಕೆನ್ನೆ, ತುಟಿ ಎಲ್ಲ ಸೇರಿ ಒಂದು ಪದ. ಬಟನ್ ಲೆಕ್ಕದಲ್ಲಿ ತುಟಿ ಬಿಗಿಯದೆ 'ಇನ್ನೂ' ಇಲ್ಲ. "ಈ ಮಾತು ನಾನು ಕಲಿಸಿದ್ದು ಅಂದ್ಕೊಂಡಿದ್ದೆ. ಅಲ್ಲ. ನಿಮ್ಮಿಂದ ಕಲಿತಿದ್ದಾಳೆ ಅಪ್ಪ."


22, ಶನಿವಾರ. ಸಂಜೆ 5:30

ಚಿಂದಿ ತುಂಬಿ ಒಂದು ಸಣ್ಣ ದಿಂಬು ಹೊಲಿದೆ, ಪಿನ್ನು ಚುಚ್ಚಲು. ಮಣಿಕಟ್ಟಿಗೆ ಕಟ್ಟಿಕೊಂಡಿದ್ದೇನೆ, ಅವಳ ಕೈಗೆ ಎಟುಕದ ಹಾಗೆ. ಬಾಯಿ ಖಾಲಿ ಖಾಲಿ. ಎರಡು ಸಲ ಕೈ ತಾನಾಗಿ ತುಟಿಗೆ ಹೋಯಿತು. ಕ್ಷೌರದವನು, "ಹೊಸ ವಾಚಾ ಮಾಸ್ಟ್ರೇ? ಗಂಟೆ ಎಷ್ಟು?" ಅಂದ.

ಬಾಯಿ ಅಗಲ ತೆರೆದು, ಹಲ್ಲು ತೋರಿಸಿ, 'ಇನ್ನೂ' ಅಂದೆ. ಬಟನ್ ಕಕ್ಕಾಬಿಕ್ಕಿ. ನನ್ನ ತುಟಿಗೆ ಬೆರಳಿಟ್ಟು ತಾನೇ ಮುಚ್ಚಿದಳು. ಅಜ್ಜನಿಗೆ ಉಚ್ಚಾರಣೆ ಸರಿಯಿಲ್ಲ ಅಂತಿರಬೇಕು. ಹತ್ತು ಸಲ ಆದ ಮೇಲೆ ಅವಳೂ ಬಾಯಿ ಬಿಟ್ಟಳು. ಒಂದೇ ಸಲ. ಹಣ್ಣು ಒಳಗೆ ಹೋಯಿತು.

ಮಗಳು ಬಂದಾಗ ಕೇಳಿಯೇಬಿಟ್ಟೆ. ಬೆಳಿಗ್ಗೆಯಿಂದ ಕನ್ನಡಿ ಮುಂದೆ ಕೂಡಿಸಿಕೊಂಡಿದ್ದ ಮಾತು. ನನಗೆ ಕಲಿಸು.

ಏನನ್ನು, ಅಂದಳು.

ಎಲ್ಲಾ.

ಅವಳು ಮುಖ ತಿರುಗಿಸಿದಳು. ತಿರುಗಿಸಿದರೆ ಮಾತು ಮುಗಿದ ಹಾಗೆ, ಕಾಯಬೇಕು. ಕಾದೆ. ಕಣ್ಣು ಒರೆಸಿಕೊಂಡು ತಿರುಗಿದಳು, ಫೋನ್ ಎತ್ತಿ ವಿಡಿಯೋದಲ್ಲಿ ಸೋದರತ್ತೆಗೆ ಕರೆ ಮಾಡಿದಳು. ಇಬ್ಬರ ಕೈಯೂ ಓಡಿತು. ನನಗೆ ಸಿಕ್ಕಿದ್ದು ಐದಾರು ಮಾತು. ಪಿನ್ನು. ಅಪ್ಪ. ಅಮ್ಮನ ಕೈಯ ಹಾಗೇ. ಬೇಡ. ಆದರೂ ಬಾ.

ನಾಳೆ ಹತ್ತೂವರೆ ಬಸ್ಸಿಗೆ ಸೋದರತ್ತೆ ಬರುತ್ತಾರೆ. ನಾಲ್ಕು ದಿನ ಇದ್ದು ಒಬ್ಬರೇ ವಾಪಸ್ ಹೋಗುತ್ತಾರೆ. ಪಾಠ ನನಗೆ.