ಹತ್ತೊಂಬತ್ತು ನಿಮಿಷದ ಹಾಡು

ಶಿರಾ
೧೨-೩-೧೯೮೧

ರಂಗಧಾಮ,

ನೀನು ಗೆದ್ದೆ ಕಣಯ್ಯ! ನಿನ್ನ ವಿಳಾಸ ನನ್ನಲ್ಲಿಲ್ಲ, ಆದರೂ ಬರೆಯದೆ ಇರಲಾರೆ.

ಇವತ್ತು ಗೌಡಗೆರೆಯ ಮದುವೆಗೆ ನಮ್ಮ ಮೈಕ್‌ಸೆಟ್ ಹೋಗಿತ್ತು. ಊಟದ ಹೊತ್ತಿಗೆ ನೀನು ಬಿಟ್ಟುಹೋದ ರೆಕಾರ್ಡ್ ಹಾಕಿದೆ. ಜಾಜ್ ಬೆರೆತ ಆ ಇಂಗ್ಲಿಷ್ ರಾಕ್ ಸಂಗೀತದಲ್ಲಿ ನೀನು ಎಲ್ಲಕ್ಕಿಂತ ಮೆಚ್ಚಿದ್ದ ಹತ್ತೊಂಬತ್ತು ನಿಮಿಷದ ಹಾಡು. ಹೆಣ್ಣಿನ ತಂದೆ ಬೋರಣ್ಣ, “ಇದೇನ್ ಕೂಗಾಟಾನಪ್ಪ, ನಿಲ್ಸು” ಎಂದು ಎದ್ದೇಬಿಟ್ಟರು.

ಅಷ್ಟರಲ್ಲಿ ಕೊಳಲಿನ ಭಾಗ ಬಂತು. ಕುರಿ ಕಾಯುವ ಕ್ಯಾತಣ್ಣ ಗೊತ್ತಲ್ಲ, ಗಣೆ ಎಂಬ ಉದ್ದನೆಯ ಕೊಳಲೂದುತ್ತ ರಾತ್ರಿಯಿಡೀ ದೇವರ ಕತೆ ಹಾಡುವ ಮುದುಕ? ಉಣ್ಣುತ್ತಿದ್ದ ಎಲೆ ಬಿಟ್ಟು ಎದ್ದು ಬಂದು, ಮೈಕಿನ ಹಾರ್ನ್ ಕೆಳಗೆ ನಿಂತ. “ಯಾರಾನ ಅದ್ನ ಮುಟ್ಟೀರಾ, ಉಸಾರು!” ಎಂದ. ಬೋರಣ್ಣ ಕೂತರು. ಉಣ್ಣುತ್ತಿದ್ದವರೆಲ್ಲ ಹಾರ್ನ್ ಕಡೆಗೇ ತಿರುಗಿದರು.

ಹಾಡು ಮುಗಿದಾಗ ಕ್ಯಾತಣ್ಣ ನನ್ನನ್ನೇ ಗದರಿದ: “ಏನ್ಲಾ, ಇಷ್ಟ್ ಬೇಗ ಮುಗಿಸ್ಬುಟ್ಟೆ? ಇನ್ನೊಂದ್ ಕಿತ ಹಾಕ್ಲಾ!”

ಮತ್ತೊಮ್ಮೆ ಹಾಕಿದೆ, ಪೂರ್ತಿ.

ಅವತ್ತು ಮಧುಗಿರಿಯ ಮದುವೆಯಲ್ಲಿ ಜನ ನಕ್ಕರೆಂದು, ನಿನ್ನೆದುರಿಗೇ, ಇದೇ ಹಾಡಿನ ನಾಲ್ಕನೇ ನಿಮಿಷಕ್ಕೆ ರೆಕಾರ್ಡಿನ ಮೇಲಿಂದ ಮುಳ್ಳೆತ್ತಿದ್ದು ಇದೇ ಕೈ. ಇವತ್ತು ಎರಡೂ ಸಲ ಆ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡೇ ನಿಂತಿದ್ದೆ.