ಮನೆ ಯಜಮಾನನಿಗೆ ಹತ್ತು ವರ್ಷ

ಮರಳವಾಡಿ
12 ನವೆಂಬರ್ 2025

ಪ್ರೀತಿಯ ಸಿರಿಯ ಅಪ್ಪನಿಗೆ,

ಆರೋಗ್ಯವಾಗಿದ್ದೀರಾ? ಅಸ್ಸಾಮಿನ ಚಳಿಗೆ ಮಂಡಿನೋವು ಹೆಚ್ಚಾಗಿರಬೇಕು. ಎಣ್ಣೆ ಹಚ್ಚಿಕೊಳ್ಳಿ, ಡ್ಯೂಟಿ ಅಂತ ಊಟ ಬಿಡಬೇಡಿ. ಫೋನ್ ಇರುವಾಗ ಕಾಗದ ಯಾಕೆ ಅನ್ನುತ್ತೀರೇನೋ. ಫೋನಿನಲ್ಲಿ ನಾನು ಬಾಯಿ ತೆರೆಯುವ ಮೊದಲೇ ನಿಮ್ಮವ್ವ ಸ್ಪೀಕರ್ ಹಾಕಿಸುತ್ತಾರೆ. ಹೇಳಿದರೂ ನೀವು "ಆಮೇಲೆ ನೋಡಾಣ ಬುಡು" ಅಂತ ಇಟ್ಟುಬಿಡುತ್ತೀರಿ. ಕಾಗದವನ್ನು ಮಧ್ಯದಲ್ಲಿ ಕಟ್ ಮಾಡಲು ಆಗುವುದಿಲ್ಲ.

ಸಿರಿ ಸೈಕಲ್ಲಿನಿಂದ ಬಿದ್ದು ಕೈ ಮುರಿದುಕೊಂಡಳು ಅಂತ ಅತ್ತೆ ಹೇಳಿದರಲ್ಲ, ಅದು ಪೂರ್ತಿ ನಿಜವಲ್ಲ. ಬೀಳಿಸಿದ್ದು ನಿಮ್ಮ ಮಗ ಮಹೇಂದ್ರ. ಶಾಲೆ ಬಿಟ್ಟ ಮೇಲೆ ಅವಳು ಕ್ಲಾಸಿನ ಹುಡುಗರ ಜೊತೆ ಮಾತಾಡುತ್ತಾ ಸೈಕಲ್ ತುಳಿದುಕೊಂಡು ಬರುತ್ತಿದ್ದಳಂತೆ. ಇವನು ಬಾಲರಾಜುವಿನ ಅಂಗಡಿ ಮುಂದೆ ಅಡ್ಡ ನಿಂತು, "ಯಾರ್ನ ಕೇಳ್ಬುಟ್ಟು ಹುಡುಗ್ರ ಜೊತೆ ಬತ್ತಿದ್ದೀಯೆ?" ಅಂತ ಹ್ಯಾಂಡಲ್ ಹಿಡಿದು ತಳ್ಳಿದ್ದಾನೆ. ಐದನೇ ಕ್ಲಾಸಿನವನು, ಎಂಟನೇ ಕ್ಲಾಸಿನ ಅಕ್ಕನನ್ನು! ಅವಳು ಕೈ ಹಿಡಿದುಕೊಂಡು ಚೀರುತ್ತಿದ್ದರೆ ಬಾಲರಾಜು ನಗುತ್ತಾ, "ಮಿಲಿಟ್ರಿಯವ್ನ ಮಗ ಕಣ್ಲಾ ನೀನು, ಮನೆ ಮರ್ವಾದೆ ಕಾಯ್ತೀಯ" ಅಂತ ಇವನ ಕೈಗೆ ಚಾಕಲೇಟ್ ಕೊಟ್ಟನಂತೆ.

ವಿಷಯ ತಿಳಿದ ತಕ್ಷಣ ನಾನು ಕೋಲು ಹಿಡಿದೆ. ಅವನು ಓಡಲಿಲ್ಲ. "ನಾನೇ ಯಜಮಾನ ಅಂತ ಎಲ್ರೂ ಅಂತಾರಲ್ಲಮ್ಮಾ, ಅದ್ಕೇ ಕೇಳ್ದೆ" ಅಂದ. ಕೋಲು ಬಿಸಾಡಿದೆ. ಯಾರಿಗೆ ಅಂತ ಹೊಡೆಯಲಿ? ಈ ಮಗು ಹೀಗಿರಲಿಲ್ಲ, ನಿಮಗೂ ಗೊತ್ತು. ಬೆಕ್ಕಿನ ಮರಿ ಸತ್ತಾಗ ಊಟ ಬಿಟ್ಟು ಅತ್ತವನು. ಆಗ ಅತ್ತೆ "ಹೆಣ್ಣೈಕ್ಳಂಗೆ ಅಳ್ಬೇಡ ಕಣ್ಲಾ" ಅಂದರು. ಉಂಡ ತಟ್ಟೆಯನ್ನು ತಾನೇ ತೊಳೆಯಲು ಹೋದರೆ ಕಿತ್ತುಕೊಂಡು ಸಿರಿಗೆ ಕೊಟ್ಟರು. ಕ್ಷೌರದಂಗಡಿಯಲ್ಲಿ, ಬಸ್ಸಿನಲ್ಲಿ, ಮದುವೆ ಮನೆಯಲ್ಲಿ, ಹೋದಲ್ಲೆಲ್ಲ ಜನ "ಏನ್ಲಾ ಯಜಮಾನ, ಹೆಣ್ಮಕ್ಳ ನೋಡ್ಕತಿದ್ದೀಯಾ?" ಅಂತ ಕೆನ್ನೆ ಚಿವುಟಿದರು. ಯುಗಾದಿಗೆ ಬಂದು ಹೊರಟಾಗ ನೀವೇನಂದಿರಿ? "ನಾನಿಲ್ದಾಗ ನೀನೇ ಯಜಮಾನ, ಅಮ್ಮನ್ನೂ ಅಕ್ಕನ್ನೂ ಅದ್ದುಬಸ್ತಲ್ಲಿ ಮಡಿಕೊಬೇಕು." ತಮಾಷೆಗೆ ಅಂದಿರಿ. ಅದು ತಮಾಷೆ ಅಂತ ಮಗುವಿಗೆ ಯಾರು ಹೇಳಿದರು? ಇಷ್ಟು ವರ್ಷ ಈ ಮನೆ, ಹೊಲ, ರೇಷ್ಮೆ ಹುಳು ಎಲ್ಲ ನೋಡಿಕೊಂಡವಳು ನಾನು. ನನಗೆ ಯಾರೂ ಕೊಡದ ಯಜಮಾನಿಕೆಯನ್ನು ಸೈಕಲ್ ಚೈನ್ ಹಾಕಲು ಬಾರದವನಿಗೆ ಕೊಟ್ಟಿರಿ!

ಈಗ ಅತ್ತೆ ಸಿರಿಯ ಸೈಕಲ್ ಮಾರಿಬಿಡು ಅನ್ನುತ್ತಿದ್ದಾರೆ. ಬೀಳಿಸಿದವನಿಗೆ ಚಾಕಲೇಟ್, ಬಿದ್ದವಳಿಗೆ ಶಿಕ್ಷೆ. ನಾನು ಮಾರುವುದಿಲ್ಲ. ಅವಳ ಕೈ ಸರಿಹೋಗುವ ತನಕ ಅವಳ ಸ್ಕೂಲ್ ಬ್ಯಾಗ್ ಹೊರುವುದು, ಎಲ್ಲರ ತಟ್ಟೆ ತೊಳೆಯುವುದು ಮಹೇಂದ್ರನ ಕೆಲಸ ಅಂತ ಹೇಳಿದ್ದೇನೆ. ಅತ್ತೆ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಬಿಡಲಿ. ಅವನು ಮಾಡುತ್ತಿದ್ದಾನೆ, ಮೊದಲ ದಿನ ಅಳುತ್ತಾ, ಈಗ ಸುಮ್ಮನೆ.

ಮೈ ಹುಷಾರು. ನಿಮ್ಮ ಮೇಲೆ ಎಷ್ಟೇ ಸಿಟ್ಟಿದ್ದರೂ ನಿಮ್ಮನ್ನು ಕಾಪಾಡು ಅಂತ ದಿನಾ ದೇವರಿಗೆ ಕೈ ಮುಗಿಯುತ್ತೇನೆ.

ನಿಮ್ಮ
ದಿವ್ಯ

ಇನ್ನೊಂದು ಮಾತು. ಕನಕಪುರದ ಆಸ್ಪತ್ರೆಯಲ್ಲಿ ಕಟ್ಟು ಹಾಕುವಾಗಲೂ ಅಳದ ಸಿರಿ, ಬಸ್ಸಿನಲ್ಲಿ ಬರುವಾಗ ಕೇಳಿದಳು: "ಅಪ್ಪಂಗೆ ನಿಜ ಗೊತ್ತಾದ್ರೆ ಯಾರ್ನ ಬಯ್ತಾರಮ್ಮಾ, ಅವನ್ನಾ, ನನ್ನಾ?" ಭಾನುವಾರ ಫೋನ್ ಮಾಡಿದಾಗ ಅವಳನ್ನೇ ಕರೆದು ನೀವೇ ಉತ್ತರ ಹೇಳಿ.